ಷರಾ ಕಾಲಮ್ಮಿನ ನಲವತ್ತಾರು ಚೀಲ

ನಮ್ಮ ಕೋಲ್ಡ್ ಸ್ಟೋರೇಜಿಗೆ ಸಾಫ್ಟ್‌ವೇರ್ ಮಾರಿದ ಕಂಪನಿಯ ಸಪೋರ್ಟ್ ನಂಬರಿಗೆ ಐದು ವರ್ಷದಲ್ಲಿ ನಾನು ಮಾಡಿದಷ್ಟು ಫೋನು ನನ್ನ ಹೆಂಡತಿಗೂ ಮಾಡಿಲ್ಲ. ಆ ನಂಬರಿನ ಸಂಗೀತ ನನಗೆ ಬಾಯಿಪಾಠವಾಗಿತ್ತು. ಮೊದಲು ಸಂಗೀತ, ಆಮೇಲೆ ‘ನಿಮ್ಮ ಕರೆ ನಮಗೆ ಅಮೂಲ್ಯ’, ಆಮೇಲೆ ಗ್ರಾಹಕ ಸಂಖ್ಯೆ ಒತ್ತುವುದು, ಆಮೇಲೆ ಮತ್ತೆ ಸಂಗೀತ. ಎಲ್ಲ ಮುಗಿದು ಮನುಷ್ಯರ ದನಿ ಕೇಳಿಸಿದರೆ ಅದು ಕೇಳುವ ಮೊದಲ ಪ್ರಶ್ನೆ, ‘ಒಮ್ಮೆ ಆಫ್ ಮಾಡಿ ಆನ್ ಮಾಡಿದ್ರಾ ಸರ್?’

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳಲ್ಲಿ ನಮ್ಮದು ಮಧ್ಯಮ ಗಾತ್ರದ್ದು. ನಾಲ್ಕು ಚೇಂಬರು, ಒಂದೊಂದಕ್ಕೂ ಐದು ಮಹಡಿ. ರೈತರು ಮಾಲು ತಂದಾಗ ಒಂದು ಲಾಟ್ ನಂಬರು ಕೊಡುತ್ತೇವೆ. ಆ ಲಾಟು ಯಾವ ಚೇಂಬರಿನ ಯಾವ ಮಹಡಿಯ ಯಾವ ಸಾಲಿನಲ್ಲಿದೆ ಎಂದು ಕಂಪ್ಯೂಟರಿನಲ್ಲಿ ಇಡುವುದು ನನ್ನ ಕೆಲಸ. ಹೇಳಲು ಸಣ್ಣ ಕೆಲಸ. ಆದರೆ ಚೀಲದ ಮೇಲೆ ಚೀಲ ಒಟ್ಟಿ ಸಾಲು ತುಂಬಿತೆಂದರೆ ಮುಂದಿನ ಚೀಲದ ನಂಬರು ಮಾತ್ರ ಕಣ್ಣಿಗೆ ಕಾಣುತ್ತದೆ. ಹಿಂದಿನದು ಏನಿದೆಯೆಂದು ತಿಳಿಯಲು ಒಂದೋ ಕಂಪ್ಯೂಟರಿನಲ್ಲಿ ಬರೆದಿರಬೇಕು, ಇಲ್ಲವೇ ಚೀಲ ಹೊತ್ತವನಿಗೆ ನೆನಪಿರಬೇಕು.

ನಮ್ಮಲ್ಲಿ ಚೀಲ ಹೊರುತ್ತಿದ್ದದ್ದು ಹನ್ನೆರಡು ಹಮಾಲರ ಒಂದು ಗುಂಪು. ಅವರ ಹಿರಿಯನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಮೋಟೆಬೆನ್ನೂರಿನವರು. ಅರವತ್ತರ ಹತ್ತಿರ ವಯಸ್ಸು, ಮಾತು ಕಡಿಮೆ, ಎಣಿಕೆ ಪಕ್ಕಾ. ಚೇಂಬರಿನೊಳಗೆ ಹೆಪ್ಪುಗಟ್ಟಿದ ಕೊಳವೆಯಿಂದ ಕೆಲವೊಮ್ಮೆ ನೀರು ತೊಟ್ಟಿಕ್ಕುತ್ತದೆ. ಹಾಗಾದಾಗ ಕೆಳಗಿನ ಚೀಲಗಳನ್ನು ತಡಮಾಡದೆ ಬೇರೆ ಕಡೆ ಸಾಗಿಸಬೇಕು. ಒಂದೇ ಲಾಟು ಎರಡು ಕಡೆ ಆಗುತ್ತದೆ. ಅಂಥ ಹೊತ್ತಿನಲ್ಲಿ ಕಾಕಾ ಹಿಂದೆಲ್ಲ ಒಂದು ಉಪಾಯ ಮಾಡುತ್ತಿದ್ದರು. ಹಳೆ ಸೀರೆಯ ಅಂಚನ್ನು ಹರಿದು, ಒಂದೇ ಬಣ್ಣದ ಎರಡು ಪಟ್ಟಿಗಳಲ್ಲಿ ಒಂದನ್ನು ಹಳೆ ಜಾಗದ ಕಂಬಕ್ಕೂ ಇನ್ನೊಂದನ್ನು ಹೊಸ ಜಾಗದ ಕಂಬಕ್ಕೂ ಕಟ್ಟುವುದು. ಹಸಿರು ಪಟ್ಟಿ ಇಲ್ಲಿ ಕಂಡರೆ ಇನ್ನೊಂದು ಹಸಿರು ಪಟ್ಟಿ ಹುಡುಕಿದರಾಯಿತು.

ಅದನ್ನು ಬಿಡಿಸಿದವನು ನಾನು. ಕಂಪ್ಯೂಟರ್ ಬಂದ ಹೊಸದರಲ್ಲಿ, “ಕಾಕಾ, ಈ ಚಿಂದಿ ಕಟ್ಟೂದು ಸಾಕು ಮಾಡ್ರಿ. ನನಗ ಬಂದು ಹೇಳ್ರಿ, ನಾ ಬರಕೊಂತೇನಿ,” ಎಂದಿದ್ದೆ. ಅವರು ಪಟ್ಟಿ ಕಟ್ಟುವುದನ್ನು ಬಿಟ್ಟರು. ಅಂದಿನಿಂದ ಚೀಲ ಸರಿಸಿದಾಗಲೆಲ್ಲ ನನ್ನ ಕಿಟಕಿಗೆ ಬಂದು, “ಸರ, ಇದು ಅರ್ಧ ಬ್ಯಾರೆ ಕಡೆ ಹೋಗೇತಿ, ಬರಕೋರಿ,” ಎನ್ನುತ್ತಿದ್ದರು. ಕಂಪನಿಯ ಸಾಫ್ಟ್‌ವೇರಿನಲ್ಲಿ ಒಂದು ಲಾಟಿಗೆ ಒಂದೇ ಜಾಗ ಬರೆಯಲು ಅವಕಾಶವಿತ್ತು. ಎರಡನೇ ಜಾಗ ಬೇಕೆಂದು ನಾನು ಫೋನ್ ಮಾಡಿ ಕೇಳಿದ್ದೆ. ಮುಂದಿನ ಆವೃತ್ತಿಯಲ್ಲಿ ಬರುತ್ತದೆ ಎಂದಿದ್ದರು. ಅಲ್ಲಿಯವರೆಗೆ ಇರಲಿ ಎಂದು ನಾನು ಎರಡನೇ ಜಾಗವನ್ನು ಕೊನೆಯ ಷರಾ ಕಾಲಮ್ಮಿನಲ್ಲಿ ಬರೆಯುತ್ತ ಬಂದೆ. ಆ ‘ಅಲ್ಲಿಯವರೆಗೆ’ ಐದು ವರ್ಷ ನಡೆಯಿತು.

ಮೇ ತಿಂಗಳಲ್ಲಿ ಸಾಫ್ಟ್‌ವೇರಿನ ಡಾಂಗಲ್ ಕೆಟ್ಟಿತು. ಡಾಂಗಲ್ ಎಂದರೆ ಕಂಪ್ಯೂಟರಿನ ಹಿಂದೆ ಚುಚ್ಚುವ ಬೆರಳುದ್ದದ ಕೀಲಿ. ಅದಿಲ್ಲದೆ ಸಾಫ್ಟ್‌ವೇರ್ ತೆರೆಯುವುದಿಲ್ಲ. ಒಂಬತ್ತು ದಿನ ಫೋನ್ ಮಾಡಿದೆ. ಒಂಬತ್ತು ದಿನವೂ ಬೇರೆ ಬೇರೆಯವರು ಎತ್ತಿದರು, ಪ್ರತಿಯೊಬ್ಬರಿಗೂ ಮೊದಲಿನಿಂದ ಕಥೆ ಹೇಳಬೇಕಾಯಿತು. ಕೊನೆಗೆ ಹೊಸ ಡಾಂಗಲ್ ಬಂತು, ಜೊತೆಗೊಂದು ಪತ್ರ. ನೀವು ಬಳಸುತ್ತಿರುವ ಆವೃತ್ತಿಗೆ ಜೂನ್ ಕೊನೆಗೆ ಬೆಂಬಲ ನಿಲ್ಲುತ್ತದೆ, ಹೊಸ ಆವೃತ್ತಿಗೆ ಹೊಸ ಒಪ್ಪಂದ ಮಾಡಿಕೊಳ್ಳಬೇಕು, ಇಲ್ಲವಾದರೆ ಈ ಸಾಫ್ಟ್‌ವೇರ್ ಜುಲೈ ಒಂದರಿಂದ ತೆರೆಯುವುದಿಲ್ಲ. ಹಳೆಯದನ್ನು ಬರೀ ನೋಡಲಾದರೂ ಬಿಡಿ ಎಂದು ಕೇಳಿದೆ. ನಿಯಮದಲ್ಲಿ ಇಲ್ಲ ಎಂದರು. ನಮ್ಮ ರೈತರ ಚೀಲ, ನಮ್ಮ ಹಮಾಲರ ಬೆವರು, ನಾನು ಬಡಿದ ಅಕ್ಷರ, ಇವನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು ಕೀಲಿ ಜೇಬಿಗೆ ಹಾಕಿಕೊಂಡವರು ಹೇಳುವ ಮಾತು ಅದು. ನನಗೆ ರೇಗಿಹೋಯಿತು.

ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬಸ್ಸಿನಲ್ಲಿ ಬರುವಾಗಲೆಲ್ಲ ನಾನು ಮೊಬೈಲಿನಲ್ಲಿ ಮುಕ್ತ ತಂತ್ರಾಂಶಗಳ ಬಗ್ಗೆ ಓದುತ್ತಿದ್ದೆ. ಗೋದಾಮಿಗೆ ಹೊಂದುವಂಥ ಒಂದು ಕಣ್ಣಿಗೆ ಬಿದ್ದಿತ್ತು. ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಬೇಕಾದಂತೆ ತಿದ್ದಿಕೊಳ್ಳಬಹುದು, ಯಾರೂ ಕೀಲಿ ಕಿತ್ತುಕೊಳ್ಳುವಂತಿಲ್ಲ. ಪತ್ರ ಹಿಡಿದು ಮಾಲೀಕರ ಹತ್ತಿರ ಹೋದೆ. ಸಾವ್ಕಾರ್ರು ಪತ್ರ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಪುಕ್ಕಟೆ ಸಿಗೂದನ್ನ ನಂಬೂದು ಹ್ಯಾಂಗೋ ತಮ್ಮಾ?”

“ಪುಕ್ಕಟೆ ಅನ್ನೂದಕ್ಕ ನಾ ಹೇಳಾಕತ್ತಿಲ್ರಿ ಸಾವ್ಕಾರ್ರ. ನಮ್ಮ ಕೀಲಿ ನಮ್ಮ ಕಡೆ ಇರ್ತೈತಿ.”

“ನಡುವ ಕೆಟ್ಟು ಕುಂತ್ರ ಯಾರಿಗೆ ಫೋನ್ ಹಚ್ಚೂದು?”

“ನನಗ ಹಚ್ರಿ,” ಎಂದೆ. ಅಷ್ಟು ದೊಡ್ಡ ಮಾತನ್ನು ಅಷ್ಟು ಹಗುರಾಗಿ ಆಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಜೂನ್ ಪೂರ್ತಿ ಅದೇ ಕೆಲಸ. ಹಳೆಯ ಒಂದು ಕಂಪ್ಯೂಟರಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಹಾಕಿದೆ. ಹೊಸ ತಂತ್ರಾಂಶ ಕೂರಿಸಿದೆ. ತಾರೀಖುಗಳು ತಿರುವುಮುರುವಾಗಿ ಬರುತ್ತಿದ್ದವು. ಅದನ್ನು ಬಳಸುವವರೇ ನಡೆಸುವ ಚರ್ಚಾತಾಣದಲ್ಲಿ ಬರೆದರೆ, ಯಾವ ದೇಶದವರೋ ಏನೋ, ಒಬ್ಬರು ಗಂಟೆಯೊಳಗೆ ಉತ್ತರ ಕೊಟ್ಟರು. ನನ್ನ ಗ್ರಾಹಕ ಸಂಖ್ಯೆ ಕೇಳಲಿಲ್ಲ. ಸಂಗೀತ ಕೇಳಿಸಲಿಲ್ಲ. ಆ ದಿನ ನನಗೆ ಆದ ಸಂತೋಷವನ್ನು ಈಗ ನೆನೆದರೆ ಸಂಕಟವಾಗುತ್ತದೆ.

ದೊಡ್ಡ ತೊಡಕು ಹಳೆಯ ಮಾಹಿತಿಯನ್ನು ಹೊರತೆಗೆಯುವುದು. ಕಂಪನಿಗೆ ಮೇಲ್ ಬರೆದೆ. ಮಾಹಿತಿ ನಿಮ್ಮದೇ, ಆದರೆ ಅದನ್ನು ಇಟ್ಟಿರುವ ಕ್ರಮ ನಮ್ಮದು, ಕೊಡಲಾಗದು ಎಂದು ಉತ್ತರ ಬಂತು. ಹಾಗಾಗಿ ನಾನು ಹಿತ್ತಲ ದಾರಿ ಹಿಡಿದೆ. ದಾಸ್ತಾನಿನ ವರದಿಯನ್ನು ಪ್ರಿಂಟರಿಗೆ ಕಳಿಸುವ ಬದಲು ಕಡತವಾಗಿ ಉಳಿಸಿಕೊಂಡೆ. ಸಾಲಿಗೊಂದು ಲಾಟು. ರೈತರ ಹೆಸರು, ಊರು, ಚೀಲ, ಚೇಂಬರು, ಮಹಡಿ, ಸಾಲು, ಕೊನೆಗೆ ಷರಾ. ಅದನ್ನು ಕಾಲಮ್ಮುಗಳಾಗಿ ಕತ್ತರಿಸಿ ಹೊಸದಕ್ಕೆ ತುಂಬುವ ಒಂದು ಸಣ್ಣ ಪ್ರೋಗ್ರಾಮು ಬರೆದೆ.

ಆಗಲೇ ಕಂಡಿತು. ವರದಿಯಲ್ಲಿ ಷರಾ ಕಾಲಮ್ಮಿಗೆ ಇಪ್ಪತ್ತೇ ಅಕ್ಷರದ ಜಾಗ. ಇಂಗ್ಲಿಷ್ ಅಕ್ಷರದಲ್ಲಿ ನಾನು ಬಡಿದ ಕನ್ನಡ ಇಪ್ಪತ್ತಕ್ಕೆ ತುಂಡಾಗಿ ನಿಂತಿತ್ತು. ಮೇಲಿನ ಹತ್ತಿಪ್ಪತ್ತು ಸಾಲು ಕಣ್ಣಾಡಿಸಿದೆ. ‘ಚೀಲ ಹರಿದಿದೆ’, ‘ಅಳಿಯ ಬರುತ್ತಾರೆ’, ‘ತೊಟ್ಟು ಬಿಡಿಸಿದ್ದು’, ಇಂಥವು. ಪೂರ್ತಿ ಷರಾ ಬೇಕೆಂದರೆ ಹಳೆಯ ಸಾಫ್ಟ್‌ವೇರಿನಲ್ಲಿ ಒಂದೊಂದೇ ಲಾಟು ತೆರೆದು ನೋಡಿ ಬರೆದುಕೊಳ್ಳಬೇಕಿತ್ತು. ಉಳಿದಿದ್ದು ನಾಲ್ಕು ದಿನ. ಷರಾ ಅಂದರೆ ಷರಾ, ಅದರಲ್ಲೇನಿರುತ್ತದೆ ಎಂದುಕೊಂಡು ಆ ಕಾಲಮ್ಮನ್ನು ಬಿಟ್ಟೆ. ಅದರಲ್ಲೇನಿರುತ್ತದೆ ಎಂದು ಪ್ರಪಂಚದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಬರೆಸಿದ ಕಾಕಾಗೆ ಮತ್ತು ಬರೆದ ನನಗೆ. ಐದು ವರ್ಷ ಬರೆದ ಕೈ ನನ್ನದೇ, ಆ ಹೊತ್ತಿಗೆ ಮರೆತ ತಲೆಯೂ ನನ್ನದೇ.

ಕಾಕಾ ಅವರನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಸಾಫ್ಟ್‌ವೇರ್ ಬದಲಿಸುವಾಗ ಹಮಾಲರನ್ನು ಕೇಳುವವರು ಯಾರಿದ್ದಾರೆ?

ತುಂಬಿದ ಮೇಲೆ ಹಳೆಯ ಒಟ್ಟು, ಹೊಸ ಒಟ್ಟು ತಾಳೆ ನೋಡಿದೆ. ಒಂದು ಚೀಲವೂ ಹೆಚ್ಚುಕಡಿಮೆ ಇರಲಿಲ್ಲ. ಯಾಕಿರಬೇಕು? ಲಾಟಿನ ಚೀಲದ ಸಂಖ್ಯೆ ಸರಿಯಾಗಿಯೇ ಬಂದಿತ್ತು, ಅವೆಲ್ಲ ಒಂದೇ ಕಡೆ ಇಲ್ಲ ಎಂಬುದು ಮಾತ್ರ ಬಂದಿರಲಿಲ್ಲ. ಜುಲೈ ಒಂದಕ್ಕೆ ಹಳೆಯ ಸಾಫ್ಟ್‌ವೇರ್ ಹೇಳಿದ ಮಾತಿಗೆ ತಪ್ಪದೆ ಬಾಗಿಲು ಹಾಕಿಕೊಂಡಿತು. ನಾನು ಎಲ್ಲರಿಗೂ ಪೇಢೆ ಹಂಚಿದೆ. ಕಾಕಾ ಎರಡು ತಗೊಂಡರು, ಒಂದು ಮೊಮ್ಮಗಳಿಗೆ.

ಎರಡು ತಿಂಗಳು ಸುಸೂತ್ರ. ಸಾವ್ಕಾರ್ರು ಬಂದವರಿಗೆಲ್ಲ ಹೊಸ ಪರದೆ ತೋರಿಸಿ, “ನಮ್ಮ ಹುಡುಗನ ಮಾಡ್ಯಾನ ನೋಡ್ರಿ,” ಎನ್ನುತ್ತಿದ್ದರು. ನಲವತ್ತೆರಡರ ನಾನು ಹುಡುಗನೆನ್ನಿಸಿಕೊಂಡು ಉಬ್ಬುತ್ತಿದ್ದೆ.

ಸೆಪ್ಟೆಂಬರಿನ ಒಂದು ಸೋಮವಾರ ಮೇಡ್ಲೇರಿಯ ಒಬ್ಬ ರೈತ ಮಹಿಳೆ ತಮ್ಮ ಲಾಟು ಬಿಡಿಸಿಕೊಳ್ಳಲು ಬಂದರು. ನೂರಾ ಇಪ್ಪತ್ತು ಚೀಲ ಕಡ್ಡಿ ತಳಿಯ ಮೆಣಸಿನಕಾಯಿ. ಗುರುವಾರದ ಟೆಂಡರಿಗೆ ಇಡಬೇಕು, ದಲಾಲರಿಗೆ ಹೇಳಿಯಾಗಿದೆ ಎಂದರು. ನಾನು ಚೀಟಿ ಹರಿದುಕೊಟ್ಟೆ. ಹಮಾಲರು ಒಂದನೇ ಚೇಂಬರಿಗೆ ಹೋಗಿ ಚೀಲ ತಂದು ಪ್ಲಾಟ್‌ಫಾರ್ಮಿನಲ್ಲಿ ಇಳಿಸಿದರು. ಎಪ್ಪತ್ತನಾಲ್ಕಕ್ಕೆ ನಿಂತಿತು. ಆ ಸಾಲಿನಲ್ಲಿ ಆ ನಂಬರಿನ ಚೀಲ ಇನ್ನಿರಲಿಲ್ಲ.

ಗದ್ದಲ ಕೇಳಿ ಸಾವ್ಕಾರ್ರು ಹೊರಗೆ ಬಂದರು. ಚೀಲ ಒಯ್ಯಲು ಬಂದಿದ್ದ ಇನ್ನೂ ನಾಲ್ಕೈದು ಜನ ಅಲ್ಲಿದ್ದರು. ಹನ್ನೆರಡು ಹಮಾಲರೂ ಇದ್ದರು.

“ಉಳಿದ ನಲವತ್ತಾರು ಎಲ್ಲಿ ಅದಾವು?” ಎಂದು ಸಾವ್ಕಾರ್ರು ಕೇಳಿದರು.

ಕಾಕಾ ಮುಖದ ಬೆವರು ಒರೆಸಿಕೊಂಡು, “ನೀರು ಸೋರಿದಾಗ ಅವನ್ನ ಬ್ಯಾರೆ ಕಡೆ ಸರಿಸೇವ್ರಿ. ಎರಡನೇದ್ರಾಗೋ ಮೂರನೇದ್ರಾಗೋ ನೆಪ್ಪಿಲ್ಲ, ಆ ತಿಂಗಳ ಭಾಳ ಲಾಟ್ ಸರಿಸಿದ್ವಿ. ಸರ ಅವ್ರ ಕಡೆ ಬರ್ಸೇನಿ. ತಗದು ನೋಡಿ ಹೇಳ್ತಾರ,” ಎಂದರು. ಅವರ ದನಿಯಲ್ಲಿ ಯಾವ ಅಳುಕೂ ಇರಲಿಲ್ಲ.

ನಾನು ಕಿಟಕಿಯೊಳಗೆ ಕುಳಿತು ಲಾಟ್ ನಂಬರು ಹೊಡೆದೆ. ನೂರಾ ಇಪ್ಪತ್ತು ಚೀಲ. ಒಂದನೇ ಚೇಂಬರು. ನಾಲ್ಕನೇ ಮಹಡಿ. ಬೇರೆ ಏನೂ ಇರಲಿಲ್ಲ. ನನ್ನ ತಂತ್ರಾಂಶ, ನನ್ನ ಪರದೆ, ನನ್ನ ತಾಳೆ. ಅನುಮಾನವೇ ಬರಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, “ಕಂಪ್ಯೂಟರಿನ್ಯಾಗ ಇಲ್ರಿ. ಎಲ್ಲಾ ಒಂದ ಕಡೆ ಅದಾವಂತ ತೋರಸ್ತೈತಿ.”

“ಬರ್ಸೇನ್ರಿ ಸರ,” ಎಂದರು ಕಾಕಾ.

“ಇಲ್ಲ ಕಾಕಾ. ಇದ್ರ ಬರ್ತಿತ್ತು.”

ಸಾವ್ಕಾರ್ರು ಕೂಗಾಡುವ ಮನುಷ್ಯರಲ್ಲ. ತಣ್ಣಗೆ, “ಚೀಲಕ್ಕ ಕಾಲು ಬರೂದಿಲ್ಲ. ಇವು ಸಿಗೂತನಾ ನೀ ಬರಬ್ಯಾಡ,” ಎಂದರು. ಕಾಕಾ ನನ್ನ ಕಿಟಕಿಯ ಕಡೆ ನೋಡಿದರು. ನಾನು ಪರದೆ ನೋಡುತ್ತಿದ್ದೆ. ಅವರು ಚೇಂಬರಿನ ಚಳಿಗೆಂದು ಸ್ಟೋರೇಜಿನವರು ಕೊಟ್ಟಿದ್ದ ಉಣ್ಣೆ ಕೋಟನ್ನು ಬಿಚ್ಚಿ, ಮಡಚಿ, ಬಾಗಿಲ ಪಕ್ಕದ ಮೊಳೆಗೆ ಹಾಕಿ ಹೊರಟರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಕೋಟು ಬಿಚ್ಚಿದರು.

ಮರುದಿನ ಚೇಂಬರಿನ ಬಾಗಿಲು ತೆಗೆಯುವವರೇ ಇರಲಿಲ್ಲ. ಸಾವಿರಾರು ಚೀಲಗಳ ನಡುವೆ ಹುಡುಕಬೇಕಾದವರೇ ಹೋಗಿದ್ದರು. ಮೇಡ್ಲೇರಿಯ ಅಕ್ಕ ಬೆಳಿಗ್ಗೆಯೇ ಬಂದು ನನ್ನ ಕಿಟಕಿಯ ಎದುರಿನ ಕಟ್ಟೆಯ ಮೇಲೆ ಕುಳಿತರು. ಬುತ್ತಿಯನ್ನೂ ತಂದಿದ್ದರು. ಮಧ್ಯಾಹ್ನದವರೆಗೆ ಅಲ್ಲೇ ಇದ್ದರು. ಆಮೇಲೆ ಕಿಟಕಿಗೆ ಬಂದು ಹೇಳಿದರು.

“ತಮ್ಮಾ, ಆ ಹಿರ್ಯಾ ಕಳ್ಳ ಅಲ್ಲ ಬಿಡು. ನೀರು ಸೋರಿದ ದಿನಾ ನನಗ ಫೋನ್ ಹಚ್ಚಿ ಹೇಳ್ಯಾನ. ‘ನಿಮ್ಮ ಚೀಲದ ಮ್ಯಾಲೆ ನೀರು ಬೀಳಾಕತ್ತಿತ್ತವ್ವಾ, ಸರಿಸೇನಿ, ತೊಯ್ದಿಲ್ಲ, ಚಿಂತಿ ಮಾಡಬ್ಯಾಡ’ ಅಂತ. ಕದಿಯಾಂವ ಫೋನ್ ಮಾಡಿ ಹೇಳ್ತಾನೇನು?”

“ಯಾವಾಗ ಅಕ್ಕಾ ಅದು?”

“ಯುಗಾದಿ ಆಗಿ ಒಂದು ವಾರಕ್ಕ.”

ಏಪ್ರಿಲ್. ಹಳೆಯ ಸಾಫ್ಟ್‌ವೇರ್ ಇದ್ದ ಕಾಲ. ನನ್ನ ಬೆನ್ನಿಗೆ ಯಾರೋ ಚೇಂಬರಿನ ಬಾಗಿಲು ತೆರೆದ ಹಾಗಾಯಿತು. ಜೂನಿನಲ್ಲಿ ಉಳಿಸಿಕೊಂಡಿದ್ದ ವರದಿಯ ಕಡತ ತೆರೆದೆ, ಅವರ ಲಾಟ್ ನಂಬರು ಹುಡುಕಿದೆ. ಸಾಲಿನ ತುದಿಯಲ್ಲಿ ಷರಾ ಇತ್ತು. ‘ನೀರು ಬಿದ್ದ 46 ಚೀಲ್’. ಅಲ್ಲಿಗೆ ಇಪ್ಪತ್ತು ಅಕ್ಷರ ಮುಗಿದಿತ್ತು. ಯಾವ ಚೇಂಬರಿಗೆ ಹೋದವೋ ಅದು ಮಾತ್ರ ಇಪ್ಪತ್ತರ ಆಚೆಗೆ, ಕಂಪನಿಯ ಕೀಲಿಯೊಳಗೆ ಉಳಿದಿತ್ತು.

ಕಾಕಾ ಬರೆಸಿದ್ದರು. ನಾನು ಬರೆದಿದ್ದೆ. ನಾನೇ ಬಿಟ್ಟಿದ್ದೆ. ನಾನೇ ಎಲ್ಲರೆದುರು ಇಲ್ಲ ಎಂದಿದ್ದೆ.

ಒಂದು ಗಂಟೆ ಹಾಗೇ ಕೂತಿದ್ದೆ. ಸುಮ್ಮನಿದ್ದುಬಿಡಬಹುದಿತ್ತು. ಆ ಕಡತ ನನ್ನ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಬೇರೆ ಹಮಾಲರನ್ನು ಕರೆಸಿ ದಿನಕ್ಕೊಂದು ಮಹಡಿ ತೆಗೆಸಿದರೆ ತಿಂಗಳೊಳಗೆ ಚೀಲ ಸಿಗುತ್ತಿದ್ದವು, ಅಷ್ಟರಲ್ಲಿ ಕಾಕಾ ಎಲ್ಲೋ ಇಟ್ಟು ಮರೆತರು ಎಂದು ಮಾತು ಮುಗಿಯುತ್ತಿತ್ತು. ನಿಜ ಹೇಳಿದರೆ ಹಳೆಯದನ್ನು ತೆರೆಯಲು ಕಂಪನಿಯನ್ನೇ ಕರೆಯಬೇಕು, ಕರೆದರೆ ನಾನು ಕಟ್ಟಿದ್ದು ಅಲ್ಲಿಗೆ ಮುಗಿಯಿತು. ಇಷ್ಟು ಲೆಕ್ಕ ಹಾಕಲು ನನಗೆ ಒಂದು ಗಂಟೆ ಹಿಡಿಯಿತು ಎಂಬುದೇ ನಾಚಿಕೆಯ ವಿಷಯ. ಹೊರಗೆ ಆ ಅಕ್ಕ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, “ಉಂಡೀಯೇನು ತಮ್ಮಾ?” ಎಂದು ಕೇಳಿದರು. ನಾನು ಎದ್ದು ಸಾವ್ಕಾರ್ರ ಕ್ಯಾಬಿನ್ನಿಗೆ ಹೋದೆ. ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕೆಟ್ರ ನನಗ ಹಚ್ರಿ ಅಂದಿದ್ದಿ. ನಿನಗ ಹಚ್ಚಿ ಏನು ಮಾಡ್ಲಿ ಈಗ?” ಎಂದು, ಹಾವೇರಿಯಲ್ಲಿದ್ದ ಆ ಕಂಪನಿಯ ಡೀಲರಿಗೆ ಫೋನ್ ಹಚ್ಚಿದರು. ಅವರ ಫೋನು ಮೊದಲ ಸಲಕ್ಕೇ ತಗುಲಿತು. ಮಾರುವವರ ನಂಬರಿಗೆ ಸಂಗೀತ ಇರುವುದಿಲ್ಲ.

ಬುಧವಾರ ಡೀಲರ್ ಬಂದರು. ಹೊಸ ಒಪ್ಪಂದಕ್ಕೆ ಸಹಿಯಾದ ಮೇಲೆ ಹಳೆಯದನ್ನು ಒಂದು ದಿನದ ಮಟ್ಟಿಗೆ ತೆರೆದುಕೊಡುವುದಾಗಿ ಕಂಪನಿ ಹೇಳಿತ್ತು. ಸಾವ್ಕಾರ್ರು ಸಹಿ ಹಾಕಿದರು. ಡೀಲರ್ ಏನೋ ಒಂದು ಸಂಖ್ಯೆ ಹೊಡೆದರು. ಜುಲೈಯಿಂದ ಸತ್ತಂತಿದ್ದ ಪರದೆ ನಿಮಿಷದೊಳಗೆ ಎದ್ದು ಕೂತಿತು. ಇಷ್ಟೇ ಕೆಲಸ. ಇದನ್ನೇ ಮೇ ತಿಂಗಳಲ್ಲಿ ನಾನು ಅಂಗಲಾಚಿ ಕೇಳಿದ್ದು.

ಲಾಟು ತೆರೆದು ಷರಾ ಓದಿದೆ. ‘ನೀರು ಬಿದ್ದ 46 ಚೀಲ ಎರಡನೇ ಚೇಂಬರ್ ಮೂರನೇ ಮಹಡಿ ಎಡಗಡೆ ಕಡೇ ಸಾಲು.’ ಪೇಟೆಯಿಂದ ಕರೆಸಿದ್ದ ಹಮಾಲರು ಹೋಗಿ ಅರ್ಧ ಗಂಟೆಯಲ್ಲಿ ನಲವತ್ತಾರೂ ತಂದು ಹಾಕಿದರು. ಒಂದೂ ತೊಯ್ದಿರಲಿಲ್ಲ. ಮೇಡ್ಲೇರಿಯ ಅಕ್ಕ ಎಣಿಸಿ, ತಲೆ ಅಲ್ಲಾಡಿಸಿ, ಗಾಡಿ ತುಂಬಿಸಿಕೊಂಡು ಹೋದರು. ಹೋಗುವ ಮುಂಚೆ, “ಆ ಹಿರ್ಯಾಗ ಹೇಳಿ ಕಳಸ್ರಿ,” ಎಂದರು.

ಹಳೆಯದು ತೆರೆದಿದ್ದದ್ದು ಒಂದೇ ದಿನ. ನಾನು ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ ಕುರ್ಚಿ ಬಿಟ್ಟೇಳದೆ ಒಂದೊಂದೇ ಲಾಟು ತೆರೆದು, ಕಾಕಾ ಬರೆಸಿದ್ದ ಷರಾಗಳನ್ನೆಲ್ಲ ಓದಿ ಬರೆದುಕೊಂಡೆ. ಮರುದಿನ ಮುಕ್ತ ತಂತ್ರಾಂಶದಲ್ಲಿ ಎರಡನೇ ಜಾಗಕ್ಕೆಂದೇ ಬೇರೆ ಪಟ್ಟಿ ಮಾಡಿ ಅಷ್ಟನ್ನೂ ತುಂಬಿದೆ. ಒಂದು ಲಾಟು ಎಷ್ಟು ಕಡೆ ಹರಡಿದ್ದರೂ ಎಲ್ಲ ಜಾಗವೂ ಒಟ್ಟಿಗೆ ಕಾಣುತ್ತಿತ್ತು. ಮಾಡಲು ಹಿಡಿದದ್ದು ಅರ್ಧ ದಿನ. ಕಂಪನಿಯವರಿಗೆ ಐದು ವರ್ಷ ಆಗದ ಕೆಲಸ. ಇದನ್ನೇ ಜೂನಿನಲ್ಲಿ ಕಾಕಾ ಅವರನ್ನು ಕೂರಿಸಿಕೊಂಡು ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆ ತಂತ್ರಾಂಶ ಎಲ್ಲ ರೀತಿಯಿಂದ ಸರಿಯಾಗಿ ನಡೆದದ್ದು ಎರಡು ದಿನ. ಶನಿವಾರ ಅದನ್ನು ಬಂದ್ ಮಾಡಲು ಸಾವ್ಕಾರ್ರು ಹೇಳಿದರು. ತೋರಿಸುತ್ತೇನೆ, ಒಮ್ಮೆ ನೋಡಿ ಎಂದೆ. “ನೋಡಿದ್ದು ಸಾಕಾತಪ್ಪಾ,” ಎಂದರು. ಕಂಪನಿಯವರು ನನ್ನಿಂದ ಎರಡನೇ ಜಾಗದ ಪಟ್ಟಿಯನ್ನು ತೆಗೆದುಕೊಂಡರು. ಮುಕ್ತ ತಂತ್ರಾಂಶದಿಂದ ಮಾಹಿತಿ ಹೊರತೆಗೆಯಲು ಅವರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಒಂದು ಗುಂಡಿ ಒತ್ತಿದರೆ ಬಂತು. ಅದನ್ನು ತಮ್ಮ ಹೊಸ ಆವೃತ್ತಿಗೆ ತುಂಬಿದರು. ಎಲ್ಲಿಗೆ ತುಂಬಿದ್ದಾರೆಂದು ತೆರೆದು ನೋಡಿದೆ. ಷರಾ ಕಾಲಮ್ಮಿಗೆ.

“ಎರಡನೇ ಜಾಗ ಹೊಸದ್ರಾಗ ಬರ್ತೈತಿ ಅಂದಿದ್ರಲ್ರಿ,” ಎಂದು ಡೀಲರನ್ನು ಕೇಳಿದೆ.

“ಸಪೋರ್ಟ್ ನಂಬರಿಗೆ ಹಚ್ಚಿ ಬೇಡಿಕೆ ಹಾಕ್ರಿ ಸರ,” ಎಂದರು. ಆಮೇಲೆ ದನಿ ತಗ್ಗಿಸಿ, “ಖರೇ ಹೇಳ್ಲೇನು? ನಾನೂ ಅದ ನಂಬರಿಗೆ ಹಚ್ಚೂದು,” ಎಂದರು. ಕೆಟ್ಟ ಮನುಷ್ಯರಲ್ಲ. ಆದರೆ ಈಗ ಬ್ಯಾಡಗಿಯ ಬೇರೆ ಸ್ಟೋರೇಜುಗಳಿಗೆ ಹೋದಾಗ ನಮ್ಮ ಕಥೆಯನ್ನೇ ಹೇಳುತ್ತಾರಂತೆ. ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡರು, ನಲವತ್ತಾರು ಚೀಲ ಕಳೆದುಕೊಂಡರು, ನಮ್ಮ ಕಂಪನಿ ಒಂದೇ ನಿಮಿಷದಲ್ಲಿ ಹುಡುಕಿಕೊಟ್ಟಿತು. ಒಂದು ನಿಮಿಷ ಎನ್ನುವುದು ನಿಜ. ಕೀಲಿ ಹಾಕಿದ್ದವರಿಗೆ ತೆರೆಯಲು ಎಷ್ಟು ಹೊತ್ತು ಬೇಕು?

ಮುಕ್ತ ತಂತ್ರಾಂಶ ಹಾಕಿಕೊಳ್ಳಬೇಕೋ ಬೇಡವೋ ಎಂದು ಈಗಲೂ ಕೆಲವರು ಗುಟ್ಟಾಗಿ ನನ್ನನ್ನು ಕೇಳುತ್ತಾರೆ. ಅದು ತಪ್ಪು ಮಾಡಲಿಲ್ಲ ಎನ್ನುತ್ತೇನೆ. ಕೊಟ್ಟಿದ್ದನ್ನು ಇಟ್ಟುಕೊಂಡಿತು, ಕೊಡದಿದ್ದುದನ್ನು ಇಲ್ಲ ಎಂದಿತು. ಕಂಪನಿಯ ಬೆಂಬಲ ಎಂಬುದು ಬೇಕಾದಾಗ ಬಾರದ, ಬೇಡವಾದಾಗ ಕಥೆ ಕಟ್ಟುವ ವಸ್ತು ಎಂದೂ ಹೇಳುತ್ತೇನೆ. ಆದರೆ ಕಂಪನಿಯೇ ಇಲ್ಲದ ಕಡೆ ಆ ಸಪೋರ್ಟ್ ನಂಬರು ನೀವೇ ಆಗಬೇಕಾಗುತ್ತದೆ. ನನಗೆ ಬಂದ ಮೊದಲ ದೂರು ಕಾಕಾ ಅವರದು. ‘ಬರ್ಸೇನ್ರಿ ಸರ’ ಎಂಬ ಎರಡೇ ಮಾತಿನ ದೂರು. ಐದು ವರ್ಷ ಆ ಕಂಪನಿ ನನಗೆ ಏನು ಹೇಳುತ್ತಿತ್ತೋ, ನಮ್ಮಲ್ಲಿ ಎಲ್ಲ ಸರಿಯಾಗಿದೆ, ತಪ್ಪು ನಿಮ್ಮ ಕಡೆಯದೇ ಇರಬೇಕು ಎಂದು, ಅದನ್ನೇ ನಾನು ಅವರಿಗೆ ಹೇಳಿದೆ.

ಚೀಲ ಸಿಕ್ಕ ದಿನವೇ ಸಾವ್ಕಾರ್ರು ಬರಲು ಹೇಳಿ ಕಳಿಸಿದ್ದರು. ಕಾಕಾ ಬರಲಿಲ್ಲ. ಇಡೀ ಗುಂಪು ಪೇಟೆಯ ಆಚೆಗಿನ ಇನ್ನೊಂದು ಸ್ಟೋರೇಜಿಗೆ ಹೋಗಿದೆ ಎಂದು ತಿಳಿಯಿತು. ಭಾನುವಾರ ನಾನು ಮೋಟೆಬೆನ್ನೂರಿಗೆ ಹೋದೆ. ಕಾಕಾ ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದರು. “ಬರ್ರಿ ಸರ, ಕುಂದ್ರಿ,” ಎಂದು ಚಾಪೆ ಹಾಸಿದರು. ಚಹಾ ಬಂತು. ಅವರು ಮಳೆಯ ಬಗ್ಗೆ, ಹೊಸ ಸ್ಟೋರೇಜಿನ ಲಿಫ್ಟ್ ಕೆಟ್ಟಿರುವ ಬಗ್ಗೆ ಹೇಳಿದರು. ನಾನು ಲೋಟ ಕೆಳಗಿಟ್ಟೆ.

“ಕಾಕಾ, ನೀವು ಬರ್ಸಿದ್ದು ಖರೇ ಐತಿ. ತಪ್ಪು ನಂದು. ಸಾವ್ಕಾರ್ರ ಮುಂದ ಎಲ್ಲಾ ಹೇಳೇನಿ.”

“ಗೊತ್ತಾತ್ರಿ.”

“ಹೊಳ್ಳಿ ಬರ್ರಿ.”

ಅವರು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಸಾವ್ಕಾರ್ರ ಮುಂದ ಎಲ್ಲಿ ಹೇಳಿದ್ರಿ?”

“ಕ್ಯಾಬಿನ್ನಿನ್ಯಾಗ.”

“ಹಂ. ಇಲ್ಲ ಅಂದಿದ್ದು ಪ್ಲಾಟ್‌ಫಾರ್ಮಿನ್ಯಾಗ ರೀ, ಅಷ್ಟೂ ಮಂದಿ ಮುಂದ. ನನ್ನ ಹುಡುಗರ ಮುಂದ. ತಪ್ಪಾತು ಅಂದಿದ್ದು ಕ್ಯಾಬಿನ್ನಿನ್ಯಾಗ, ಬಾಗಲಾ ಹಾಕ್ಕೊಂಡು.” ಆಮೇಲೆ ನನ್ನ ಲೋಟ ನೋಡಿ, “ಚಹಾ ಆರ್ತೈತಿ ಕುಡೀರಿ,” ಎಂದರು.

ನಾನು ಕುಡಿದೆ. ಬರುವಾಗ ಅವರು ಬಸ್ ನಿಲ್ಲುವ ಕಡೆಯವರೆಗೂ ಬಂದು ಬಿಟ್ಟುಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಮಾಮೂಲಿಗಿಂತ ಮುಂಚೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಕಿಟಕಿಯೊಳಗೆ ಕೂರದೆ ನೇರ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತೆ. ಮೊಳೆಗಳ ಮೇಲಿನ ಹನ್ನೆರಡು ಕೋಟುಗಳೂ ಇರಲಿಲ್ಲ. ಬೇರೆ ಊರಿನಿಂದ ಬಂದ ಹೊಸ ಗುಂಪು ಅವನ್ನು ತೊಟ್ಟುಕೊಂಡು ಚೀಲ ಇಳಿಸುತ್ತಿತ್ತು. ಯಾರೋ ಒಬ್ಬ ವ್ಯಾಪಾರಿ, ಇಬ್ಬರು ಗುರುತಿಲ್ಲದ ರೈತರು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಆ ದಿನ ನನ್ನ ಮಾತು ಕೇಳಿಸಿಕೊಂಡವರು ಅವರಲ್ಲಿ ಒಬ್ಬರೂ ಇರಲಿಲ್ಲ.

“ಏನರೆ ಬೇಕಾಗಿತ್ತೇನ್ರಿ ಸರ?” ಎಂದು ಕಾಕಾನ ಕೋಟು ತೊಟ್ಟವನು ಕೇಳಿದ.

ಏನಿಲ್ಲ ಎಂದು ಹೇಳಿ ಒಳಗೆ ಬಂದು ಕಂಪ್ಯೂಟರ್ ಹಚ್ಚಿದೆ.